ಎಲ್ಲರಿಗೂ ಸಿಕ್ಕ ಅಪ್ಪನ ಒಪ್ಪಿಗೆ

ನಮ್ಮ ಮನೆಯಲ್ಲಿ ನಗು ಬರುವ ಪ್ರಸಂಗಗಳು ನಗಬಾರದ ಹೊತ್ತು ನೋಡಿಕೊಂಡೇ ನಡೆಯುತ್ತವೆ. ನಾನು ಪಿಯುಸಿ ಸೈನ್ಸ್ ಮುಗಿಸಿ, ಮುಂದೇನು ಓದಬೇಕು ಅಂತ ನಿಶ್ಚಯ ಮಾಡುವ ಹೊತ್ತಿಗೆ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಅದರ ಜೊತೆ ಮಾತೂ ಹೋಯಿತು. ಅಪ್ಪ ಆಳಂದ–ಅಫಜಲಪುರ ಬಸ್ಸಿನ ಕಂಡಕ್ಟರ್, ಮಾತಿನಿಂದಲೇ ಬಸ್ಸು ಓಡಿಸಿದವರು. ನಾನೋ, ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿ ಎರಡೂ ಭಾಷೆಯಲ್ಲಿ ಸುಮ್ಮನಿರುವುದನ್ನು ಕಲಿತವಳು.

ನಮ್ಮ ಕಡೆ ಮಗಳ ಓದಿರಲಿ, ಮದುವೆಯಿರಲಿ, ಅಪ್ಪ ಹೂಂ ಅಂದರೆ ಮುಗಿಯಿತು. ಇನ್ನು ಆ ಹೂಂ ಅನ್ನೋರು ಯಾರು ಅಂತ ಬಂಧುಬಳಗವೆಲ್ಲ ಚಿಂತೆಗೆ ಬಿತ್ತು.

ತಿರುಗಿ ಬಂದ ಮಾತು

ಮೂರನೇ ವಾರ ಅವ್ವ ಗಂಜಿ ಬಟ್ಟಲು ಹಿಡಿದು, "ಇನ್ನೊಂದೀಟು ಕುಡೀತೀರೇನು?" ಅಂತ ಕೇಳಿದಳು.

"ಹೌದ್ರಿ," ಅಂದರು ಅಪ್ಪ.

ಅವ್ವನ ಕೈಯಿಂದ ಚಮಚ ಬಿತ್ತು. ಅಪ್ಪ ಬಸ್ಸಿನಲ್ಲೂ ಮನೆಯಲ್ಲೂ 'ಇಲ್ಲ' ಅನ್ನುವ ಮನುಷ್ಯ. ಸೀಟಿಲ್ಲ, ಚಿಲ್ಲರ ಇಲ್ಲ, ಇಲ್ಲಿ ನಿಲ್ಲಂಗಿಲ್ಲ. ಅವ್ವನನ್ನು ಕರೆಯುವುದಿದ್ದರೆ 'ಏ ಇವಳಽ'. ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕಳು: "ಇಪ್ಪತ್ತೆರಡು ವರ್ಷದಾಗ ಒಮ್ಮೆನೂ ನನಗ 'ರಿ' ಹಚ್ಚಿದ್ದಿಲ್ಲ ಈ ಮನುಷ್ಯಾ."

ಡಾಕ್ಟರು ಮಾತ್ರ ಬಿಡಿಸಿ ಹೇಳಿದರು. ಅದು ಒಪ್ಪಿಗೆಯಲ್ಲ, ಮರ್ಯಾದೆಯೂ ಅಲ್ಲ. ಎಲ್ಲ ಮಾತು ಹೋದ ಮೇಲೆ ಬಾಯಲ್ಲಿ ಸಿಕ್ಕಿಕೊಂಡು ಉಳಿದ ಒಂದೇ ಮಾತು. ಏನು ಕೇಳಿದರೂ ಅದೇ ಬರುತ್ತದೆ.

ಮರುದಿನ ಹಾಲಿನವನು ಬಾಗಿಲಲ್ಲಿ ನಿಂತು, "ಐದು ಲೀಟರ್ ಹಾಕ್ಲೇನ್ರಿ ಸಾಹೇಬ್ರ?" ಅಂತ ಚೇಷ್ಟೆಗೆ ಕೇಳಿದ. ಆ ವಾರವೆಲ್ಲ ನಾವು ಮಜ್ಜಿಗೆ ಸಾರೇ ಉಂಡೆವು.

ಅಫಜಲಪುರದ ಮಾಮಾ

ಅವ್ವನ ಅಣ್ಣ ಅಫಜಲಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ಬಾಳೆಹಣ್ಣು ಹಿಡಿದು ಬಂದು ಮಂಚದ ತುದಿಗೆ ಕೂತ.

"ನರ್ಸಿಂಗ್, ಭಾವಾ. ಜಗತ್ತಿನಾಗ ಎಲ್ಲಾ ಮುಚ್ಚಿದ್ರೂ ದವಾಖಾನಿ ಮುಚ್ಚಂಗಿಲ್ಲ. ಹುಡುಗಿಗಿ ನರ್ಸಿಂಗ್‌ಗೆ ಹಚ್ಚೋಣೇನ್ರಿ?"

"ಹೌದ್ರಿ."

ನಾನು ಬಾಗಿಲ ಹಿಂದೆ ನಿಂತಿದ್ದೆ. ಸೊನ್ನ ಬ್ಯಾರೇಜ್ ನೋಡಲು ಹೋದಾಗ ಗೆಳತಿಯ ಮೊಣಕಾಲು ತರಚಿದ್ದಕ್ಕೆ ನಾನು ಎಚ್ಚರ ತಪ್ಪಿ ಬಿದ್ದವಳು. ಎಲ್ಲರೂ ಅವಳನ್ನು ಬಿಟ್ಟು ನನಗೇ ನೀರು ಹೊಡೆದಿದ್ದರು. "ಮಾಮಾ, ರಕ್ತ ನೋಡಿದ್ರ ನನಗ..." ಅಂತ ಶುರು ಮಾಡಿದೆ. ನನ್ನ ದನಿ ನನಗೇ ಕೇಳಲಿಲ್ಲ.

"ನಿಮ್ಮಪ್ಪ ಒಪ್ಯಾರ. ಮುಗೀತು," ಅಂದ ಮಾಮಾ. ಹುರುಪಿನಲ್ಲಿ ಇನ್ನೊಂದು ಕೇಳಿದ: "ಭಾವಾ, ನಮ್ಮ ಮಂದ್ಯಾಗೆಲ್ಲ ನಾನೇ ಶ್ಯಾಣ್ಯಾ, ಹೌದಲ್ಲೇನ್ರಿ?"

"ಹೌದ್ರಿ."

ಮಾಮಾ ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ಅವ್ವನಿಗೆ ಅಂದ: "ಮೊದಲ ಮಾತಿಗೊಮ್ಮೆ 'ನಿನಗೇನ್ ತಿಳೀತದ' ಅಂತಿದ್ರು. ಜಡ್ಡಾದ ಮ್ಯಾಲ ಭಾವಗ ಬುದ್ಧಿ ಬಂದದ ನೋಡವ್ವ."

ಜೇವರ್ಗಿಯ ಅತ್ತಿ

ಅಪ್ಪನ ಅಕ್ಕ ಜೇವರ್ಗಿ ತಾಲೂಕಿನ ಕೊಳಕೂರದಿಂದ ಎರಡು ಬಸ್ಸು ಬದಲಿಸಿ ಬಂದಳು. ಅವಳ ಚೀಲದಲ್ಲಿ ಶೇಂಗಾ ಹಿಂಡಿಯೂ ಇತ್ತು, ಒಂದು ವರವೂ ಇತ್ತು.

"ಓದು ಗೀದು ಆಮ್ಯಾಲ. ಈಗಿನ ಕಾಲದಾಗ ನೌಕರಿ ಅಂದ್ರ ಸರಕಾರಿದು. ಆ ಮನಿಯವ್ರು ಲಗ್ನಾ ಮಾಡ್ಕೊಂಡು ನೌಕರಿ ಪರೀಕ್ಷಾಕ್ಕ ತಾವೇ ಕೂಡಿಸ್ತಾರಂತ. ಕೊಡೋಣೇನೋ ತಮ್ಮಾ?"

"ಹೌದ್ರಿ."

"ಅಯ್ಯ, ನನಗ್ಯಾಕೋ 'ರಿ' ಅಂತೀ! ಹುಡುಗನ ಹೆಸರರೆ ಕೇಳೋ."

"ಹೌದ್ರಿ."

ಅತ್ತಿ ಅತ್ತಳು. ಅಳು ಮುಗಿದ ಮೇಲೆ ಫೋನ್ ತೆಗೆದು, "ಅವ್ರಿಗಿ ಫೋಟೋ ಕಳಿಸ್ಬೇಕಂತ. ಲಗೂ ಮಾಡ ಬೇ," ಅಂದಳು. ಬೇಡ ಅನ್ನಬೇಕು ಅಂದುಕೊಳ್ಳುತ್ತಲೇ ಅವ್ವನ ಹಸಿರು ಸೀರೆ ಉಟ್ಟು, ತಲೆ ಬಾಚಿ, ಗೋಡೆಗೆ ಬೆನ್ನು ಕೊಟ್ಟು ನಿಂತೆ.

ಅತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿಂದಲ್ಲ ಬೇ. ನಮ್ಮ ಭಾಗದ ಮಂದಿಗಿ ನೌಕರಿ ಮೀಸಲಾತಿಗಿ ಕೊಡ್ತಾರಲ್ಲ, ಆ ಮುನ್ನೂರಾ ಎಪ್ಪತ್ತೊಂದರ ಸರ್ಟಿಫಿಕೇಟು. ಅದರ ಫೋಟೋ."

ಕಾರ್ಡಿನ ಆಟ

ವಾರಕ್ಕೊಮ್ಮೆ ಅಪ್ಪನನ್ನು ಕಲಬುರಗಿಯ ದವಾಖಾನೆಗೆ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿ ನನಗಿಂತ ಐದಾರು ವರ್ಷ ದೊಡ್ಡವಳಾದ ಒಬ್ಬ ಮೇಡಂ ಮಾತು ನಿಂತವರಿಗೆ ಮತ್ತೆ ಮಾತು ಕಲಿಸುತ್ತಿದ್ದಳು. ಚಿತ್ರದ ಕಾರ್ಡು ಹಿಡಿದು, ಇದೇನು, ಇದೇನು ಅಂತ ನೂರು ಸಲ ಕೇಳಿದರೂ ಅವಳ ದನಿ ಏರುತ್ತಿರಲಿಲ್ಲ. ಮೆಲ್ಲಗೆ ಮಾತಾಡುವವರಿಗೂ ಒಂದು ಕೆಲಸ ಇದೆ ಅಂತ ನನಗೆ ಗೊತ್ತಾದದ್ದು ಅಲ್ಲಿಯೇ. ಅದನ್ನೇ ಕಲಿಯಬೇಕು ಅನ್ನಿಸಿತು. ಆದರೆ ಕೋರ್ಸ್ ಇರುವುದು ದೂರದ ಊರಲ್ಲಿ, ನಾಲ್ಕು ವರ್ಷ. ಊರವರಿಗೆಲ್ಲ ಮಾತು ಕಲಿಸಲು ಕಲಿಯುತ್ತ ಕೂತರೆ, ಇಲ್ಲಿ ಅಪ್ಪನಿಗೆ ಕಲಿಸುವವರು ಯಾರು? ಯಾರಿಗೂ ಹೇಳಲಿಲ್ಲ.

ಮೇಡಂ ಕಾರ್ಡಿನಲ್ಲಿ ಹಡಗು, ಸೇಬು. ನಾನು ಮನೆಯಲ್ಲಿ ಅಪ್ಪನಿಗೆ ಗೊತ್ತಿರುವುದನ್ನೇ ಕಾರ್ಡಿನಲ್ಲಿ ಬರೆದೆ: ಟಿಕೆಟ್, ರೊಟ್ಟಿ, ಘತ್ತರಗಿ ಭಾಗ್ಯವಂತಿ ಗುಡಿ. ಟಿಕೆಟ್ ತೋರಿಸಿದಾಗ ಅಪ್ಪನ ತುಟಿ ಅಲುಗಿತು. ಅಂದಿನಿಂದ ದಿನಾ ಮುಂಜಾನೆ ಅವರ ಮುಂದೆ ಕೂತು "ಟಿ... ಟಿ... ಟಿ..." ಅನ್ನುತ್ತಿದ್ದೆ. ಒಂದು ತಿಂಗಳಾದರೂ ಅವರಿಂದ "ಟಿ" ಬರಲಿಲ್ಲ.

ಪಕ್ಕದ ಮನೆಯ ಖಾಲಾ ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಒಂದಿನ ದರ್ಗಾದಿಂದ ಕಟ್ಟಿಸಿದ ತಾಯತ ಹಿಡಿದು ಓಡಿ ಬಂದು, ಅಪ್ಪನನ್ನು ದಾಟಿ, ನೆಟ್ಟಗೆ ನನ್ನ ಕೊರಳಿಗೆ ಹಾಕಿದಳು. "ಹಾಯ್ ಅಲ್ಲಾ, ಇಷ್ಟು ಸಣ್ಣ ವಯಸ್ಸಿನಾಗ ನಿನಗೂ ಸುರು ಆಯ್ತೇನು ಬೇಟಾ?"

ಒಂದು ಭಾನುವಾರ

ಆ ಕೋರ್ಸಿನ ಅರ್ಜಿಗೆ ಎರಡೇ ದಿನ ಉಳಿದಿತ್ತು. ಅಂದೇ ಮಾಮಾ, ಅತ್ತಿ ಇಬ್ಬರೂ ಬಂದರು.

"ಭಾವ ನನಗ ಮಾತು ಕೊಟ್ಟಾರ," ಅಂದ ಮಾಮಾ.

"ತಮ್ಮ ನನಗೂ ಕೊಟ್ಟಾನ," ಅಂದಳು ಅತ್ತಿ. "ಹೌದಲ್ಲೋ?"

"ಹೌದ್ರಿ."

"ಇಲ್ಲಾಂತ ಹೇಳ್ರಿ ಭಾವಾ!"

"ಹೌದ್ರಿ."

ಜಗಳ ಹತ್ತಿತು. ಪಾಪ ಅಪ್ಪ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ನೋಡುತ್ತ ಇಬ್ಬರನ್ನೂ ಗೆಲ್ಲಿಸುತ್ತಿದ್ದರು. ಅವರ ಹಣೆಯ ಬೆವರು ನೋಡಿ ನನಗೆ ತಡೆಯಲಾಗಲಿಲ್ಲ. ಜೀವನದಲ್ಲಿ ಮೊದಲ ಸಲ ನಾಲ್ಕು ಜನರ ಮುಂದೆ ದನಿ ತೆಗೆದೆ.

"ಅಪ್ಪಾ, ಮಾಮಾ ಹೇಳೋದು ಸುಳ್ಳೇನು?"

"ಹೌದ್ರಿ."

"ಅತ್ತಿ ಹೇಳೋದೂ?"

"ಹೌದ್ರಿ."

ಇಬ್ಬರೂ ಜಗಳ ಬಿಟ್ಟು ನನ್ನ ಕಡೆ ತಿರುಗಿದರು. ಅದೇ ಧೈರ್ಯದಲ್ಲಿ ಕೇಳಿಬಿಟ್ಟೆ: "ಅಪ್ಪಾ, ಮಾತು ನಿಂತವ್ರಿಗಿ ಮಾತು ಕಲಿಸೋದು ಓದಾಕ ನಾ ದೂರ ಹೋಗ್ಲೇನು?"

ಅಪ್ಪ ನನ್ನನ್ನೇ ನೋಡಿದರು. ತುಟಿ ಅಲುಗಿತು. ಏನೂ ಬರಲಿಲ್ಲ. ಎಷ್ಟು ಹೊತ್ತು ಕಾದರೂ ಬರಲಿಲ್ಲ.

ಅತ್ತಿ ಗೆದ್ದವಳಂತೆ ಎದ್ದಳು: "ಹಾಲಿನವಗೂ ಹೌದ್ರಿ ಅಂದ ಬಾಯಿ ನಿನಗ ಅನ್ಲಿಲ್ಲ. ತಿಳ್ಕೋ."

ಸಹಿ

ಮೇಡಂಗೆ ಫೋನಿನಲ್ಲಿ ಹೇಳಿದರೆ ಅವಳಿಗೆ ಖುಷಿಯೋ ಖುಷಿ. "ಸುಮ್ಮನಾದ್ರಾ? ಒಳ್ಳೇದಾಯ್ತು. ಬಾಯಿಗೆ ಬಂದದ್ದನ್ನು ತಡೆದು, ಬೇರೆ ಮಾತು ಹುಡುಕ್ತಿದ್ದಾರೆ." ಯಾವ ಮಾತು ಅಂತ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಅರ್ಜಿಯಲ್ಲಿ ತಂದೆ ಅಥವಾ ತಾಯಿಯ ಸಹಿ ಬೇಕಿತ್ತು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ಪೆನ್ನು ಚಾಚಿ, "ಇಲ್ಲಿ ಸಹಿ ಮಾಡವ್ವಾ," ಅಂದೆ.

"ಯಾಕ ಮಾಡ್ಲಿ? ನನಗ್ಯಾರರೆ ಕೇಳ್ಯಾರೇನು?"

ನಾನು ಅಲ್ಲೇ ಕೂತೆ. ಇಷ್ಟು ತಿಂಗಳು ಊರೆಲ್ಲ ಬಂದು ಕೇಳಿದ್ದು, ಮನೆಯಲ್ಲಿ ಮಾತು ಬಾರದ ಒಬ್ಬರನ್ನೇ. ಬಾಯಿ ನೆಟ್ಟಗಿದ್ದವಳು ಅಷ್ಟೂ ದಿನ ಎಲ್ಲರಿಗೂ ಚಹಾ ಕೊಟ್ಟು ಒಲೆ ಮುಂದೆ ಕೂತಿದ್ದಳು. ನಾನೂ ಕೇಳಿರಲಿಲ್ಲ.

"ಅವ್ವಾ," ಅಂದೆ, "ನಾಕು ವರ್ಷ. ಅಪ್ಪಗ ಕಾರ್ಡ್ ನೀನೇ ತೋರಿಸ್ಬೇಕಾಗ್ತದ. ನಾ ಹೋಗ್ಲೇನು?"

ಅವ್ವನ ಕೈ ನಿಂತಿತು. ಕಣ್ಣು ತುಂಬಿದವು. ಹೇಳಲು ಬಾಯಿ ತೆರೆದಳು.

"ಹೌದ್ರಿ," ಅಂದರು ಅಪ್ಪ, ಮಂಚದ ಮೇಲಿಂದ.

ಅವ್ವ ಹಿಟ್ಟಿನ ಕೈಯಲ್ಲೇ ಪೆನ್ನು ಕಸಿದುಕೊಂಡು ಸಹಿ ಹಾಕಿದಳು. "ನೋಡ್ದೇನು? ಹುಟ್ಟಿದ್ಮ್ಯಾಲ ಒಮ್ಮೆ ನನಗೊಬ್ರು ಕೇಳಿದ್ರು. ಅದಕ್ಕೂ ಉತ್ತರ ಇವ್ರೇ ಕೊಟ್ರು!"