ಎತ್ತಿನ ಹಲ್ಲು ನೋಡಿದಂಗ ಕ್ಲೌಡ್ ನೋಡಿದ್ದು

ನಾನು ಕುಂತಲ್ಲಿ ಸುಮ್ಮನೆ ಕುಂತರೂ ನನ್ನ ಬಾಜೂಕ ಏನಾದರೊಂದು ಎಡವಟ್ಟು ತಾನಾಗಿಯೇ ಬಂದು ಕೂರುತ್ತದೆ. ಊರವರು ಅದನ್ನು ನನ್ನ ಕಿತಾಪತಿ ಅನ್ನುತ್ತಾರೆ. ಹತ್ತರಲ್ಲಿ ಎಂಟು ಸಲ ಅದು ಖರೇನೂ ಹೌದು. ಉಳಿದೆರಡು ಯಾರದೆಂದು ನನಗೂ ಗೊತ್ತಿಲ್ಲ.

ಈ ಸಲದ್ದು ಕಂಪ್ಯೂಟರಿನದು. ಗುಡಗೇರಿ ಹತ್ತಿರದ ನಮ್ಮೂರಲ್ಲಿ ರೈತರ ಸಂಘಕ್ಕೆ ಹೆಸರುಕಾಳಿನ ಬೆಳೆ ಕೊಯ್ಯುವ ಒಂದು ಮಷೀನಿದೆ. ಮಷೀನು ಒಂದು, ಹೊಲ ಬಹಳ. ಪಾಳಿ ತಪ್ಪಿ ನಡುವೆ ಮಳೆ ಬಂತೆಂದರೆ ಕಾಳು ಗಿಡದಲ್ಲೇ ಮೊಳಕೆ ಒಡೆಯುತ್ತದೆ, ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಅದಕ್ಕೇ ನಮ್ಮ ದೊಡ್ಡಪ್ಪನ ಮಗಳು, ಕಂಪ್ಯೂಟರ್ ಡಿಪ್ಲೊಮಾ ಓದಿದಾಕೆ, ಪಾಳಿ ಹಚ್ಚುವ ಪ್ರೋಗ್ರಾಮ್ ಬರೆದಿದ್ದಳು. ಅದು ಸಂಘದ ಹಳೇ ಕಂಪ್ಯೂಟರಿನಲ್ಲಿತ್ತು. ಆ ಕಂಪ್ಯೂಟರ್ ಚಾಲೂ ಆಗಬೇಕಾದರೆ ಬಲಗಪಾಳಕ್ಕೆ ಒಂದು ಬಿಡಬೇಕು. ಅದು ಪೂರಾ ಸಾಯುವುದರೊಳಗೆ ಪ್ರೋಗ್ರಾಮನ್ನು ಕ್ಲೌಡಿಗೆ, ಅಂದರೆ ದೂರದ ಊರಲ್ಲಿ ಕಂಪನಿಯವರು ಬಾಡಿಗೆಗೆ ಕೊಡುವ ದೊಡ್ಡ ಕಂಪ್ಯೂಟರುಗಳಿಗೆ ಸಾಗಿಸಬೇಕಿತ್ತು. ಶುಕ್ರವಾರದ ಸಭೆಯಲ್ಲಿ ಮಂದಿ ಒಪ್ಪಿದರೆ ಸರಿ. ಇಲ್ಲವಾದರೆ ಮತ್ತೆ ಹಿಂದಿನಂತೆ ಚೀಟಿ ಎತ್ತುವುದು, ಅಕ್ಕನ ಎರಡು ತಿಂಗಳ ದುಡಿಮೆ ತಿಪ್ಪಿಗೆ.

ಕರೀ ಹಲಗೆ

ಸಾಗಿಸುವ ಮೊದಲು ಪರೀಕ್ಷೆ. ಅದಕ್ಕೊಂದು ಟೂಲ್ ಇದೆ. ಚಿತ್ರವಿಲ್ಲ, ಒತ್ತಲು ಬಟನ್ನಿಲ್ಲ, ಬರೀ ಕರೀ ಪರದೆ. ಒಂದು ಸಾಲು ಕಮಾಂಡ್ ಬರೆದು ಎಂಟರ್ ಹೊಡೆದರೆ ಅದು ಕ್ಲೌಡಿನ ಬಾಗಿಲಿಗೆ ಹೋಗಿ ಒಂದೊಂದೇ ಪ್ರಶ್ನೆ ಕೇಳುತ್ತದೆ. ಫೈಲ್ ಕೊಟ್ಟರೆ ಇಟ್ಟುಕೊಳ್ಳುತ್ತೀಯಾ? ಕೇಳಿದಾಗ ತಿರುಗಿ ಕೊಡುತ್ತೀಯಾ? ಹಿಂಗೆ ಇಪ್ಪತ್ತನಾಲ್ಕು. ಉತ್ತರ ಸರಿಯಿದ್ದರೆ ಹಸಿರಿನಲ್ಲಿ ಪಾಸ್, ತಪ್ಪಿದ್ದರೆ ಕೆಂಪಿನಲ್ಲಿ ಫೇಲ್.

"ಮೊಬೈಲ್ ಆಟದಾಗ ಓಡೂ ಬಟ್ಟು ಇಲ್ಲಿ ಓಡ್ಲಿ" ಎಂದು ಅಕ್ಕ ನನ್ನನ್ನು ಕೀಬೋರ್ಡಿಗೆ ಕೂರಿಸಿದಳು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದು, ಕರೀ ಹಲಗೆಯ ಸಹವಾಸವೇ ಬೇಡವೆಂದು ಓಡಿ ಬಂದವನು ಮತ್ತೆ ಅದರ ಮುಂದೆಯೇ ಕುಂತಿದ್ದೆ.

ಮೊದಲನೇ ಕಂಪನಿಯ ಕ್ಲೌಡ್ ನೋಡಿದೆವು, ಎಲ್ಲಾ ಕೆಂಪು. ಎರಡನೇದೂ ಕೆಂಪು. ಮೂರನೇದೂ ಕೆಂಪು. ಅಕ್ಕ ತನ್ನ ಪ್ರೋಗ್ರಾಮನ್ನು ಮೇಲಿನಿಂದ ಕೆಳಗೆ ಓದಿದಳು, ಕೆಳಗಿನಿಂದ ಮೇಲೆ ಓದಿದಳು. ನನಗೆ ಓದಲು ಬರುವುದು ಪರದೆಯ ಮೂಲೆಯ ತಾರೀಖು ಮಾತ್ರ. ಅದನ್ನೇ ಓದಿದೆ. ಎಂಟು ವರ್ಷ ಹಿಂದಿನದು. ಕಂಪ್ಯೂಟರಿನ ಗಡಿಯಾರದ ಸಣ್ಣ ಸೆಲ್ ಸತ್ತು ಹೋಗಿತ್ತು. ಎಂಟು ವರ್ಷ ಹಿಂದಿನ ತಾರೀಖು ಹಿಡಿದು ಬಂದವನನ್ನು ಯಾವ ಕ್ಲೌಡ್ ಒಳಗೆ ಬಿಟ್ಟೀತು?

"ಅಕ್ಕಾ, ಇದರ ಲೆಕ್ಕದಾಗ ನಾ ಇನ್ನೂ ಮೂರನೇ ಕ್ಲಾಸು" ಅಂದೆ.

ಅಕ್ಕ ನೋಡಿದಳು, ಹಣೆ ಹಣೆ ಬಡಿದುಕೊಂಡಳು, ತಾರೀಖು ತಿದ್ದಲು ಕೈ ಚಾಚಿದಳು. ನಾನು ಅಡ್ಡ ಬಂದೆ. "ಹಂಗ ಇರ್ಲಿ ಬಿಡವಾ. ನಾ ಪಾಸ್ ಆಗತಿದ್ದ ಕಾಲ ಅದು." ಅಕ್ಕ ನನ್ನನ್ನು ಸರಿಸಿ ತಾರೀಖು ತಿದ್ದಿದಳು; ಆಮೇಲೆ ಹಸಿರು ಹೆಚ್ಚು ಬಿದ್ದದ್ದು ಮೂರನೇ ಕಂಪನಿಗೆ, ಅದನ್ನೇ ಹಿಡಿದೆವು.

ಹಲ್ಲು, ಸುಳಿ, ಬಾಲ

ಸಂಘದ ಅಧ್ಯಕ್ಷರನ್ನು ಊರೆಲ್ಲ ಕಾಕಾ ಅನ್ನುತ್ತದೆ. ಸಂತೆಯಲ್ಲಿ ಎತ್ತು ನೋಡಿಕೊಡಲು ಕುಬಿಹಾಳದವರೂ ಇವರನ್ನೇ ಕರೆದೊಯ್ಯುತ್ತಾರೆ. ಮರುದಿನ ಬಂದು ನಮ್ಮ ಬೆನ್ನ ಹಿಂದೆ ನಿಂತರು.

"ಏನ್ ಮಾಡಾಕತ್ತೀರಿ?"

"ಈ ಕ್ಲೌಡ್ ನಮ್ಮ ಪ್ರೋಗ್ರಾಮಿಗೆ ಹೊಂದತೈತೋ ಇಲ್ಲೋ ನೋಡಾಕತ್ತೀವ್ರಿ ಕಾಕಾ" ಅಂದಳು ಅಕ್ಕ.

"ಹೊಂದತೈತಿ ಅಂತ ಕಂಪನಿಯವರ ಹೇಳ್ಯಾರಲ್ಲ?"

ನಾನು ನಡುವೆ ಬಾಯಿ ಹಾಕಿದೆ. "ಕಾಕಾ, ನನ್ನ ಎತ್ತು ನಡುದಾರ್‍ಯಾಗ ಮಲಗತೈತಿ ಅಂತ ಎತ್ತು ಮಾರಾಂವ ಎಂದರ ಹೇಳ್ಯಾನೇನ್ರಿ?"

ಕಾಕಾ ಕುರ್ಚಿ ಎಳೆದುಕೊಂಡು ಕುಂತೇಬಿಟ್ಟರು. "ಹಂಗ ಹೇಳಲೇ ಮತ್ತ! ಹಲ್ಲು ನೋಡೀರಿ?"

"ನೋಡೀವ್ರಿ."

"ಸುಳಿ?"

"ಅದೂ ನೋಡೀವ್ರಿ."

"ನೊಗಕ್ಕ ಹೂಡೀರಿ?"

"ಈಗ ಅದನ್ನ ಮಾಡಾಕತ್ತೀವ್ರಿ."

"ಎಲ್ಲಿ ಹೂಡೀರಿ? ಒಣ ನೆಲದಾಗೋ, ಕೆಸರಾಗೋ?"

ನಾನು ಪರದೆಯ ಮೇಲೆ ಕೆಸರು ಹುಡುಕತೊಡಗಿದೆ.

"ಒಣ ನೆಲದಾಗ ನಮ್ಮನಿ ಮುದಿ ಎತ್ತೂ ಎಳೀತೈತಿ. ಶುಕ್ರವಾರ ಸಭಾದಾಗ ನಾ ಇದನ್ನ ಕೆಸರಾಗ ಹೂಡಿ ನೋಡಾಂವ" ಅಂದು ಎದ್ದರು.

ಕ್ಲೌಡಿಗೆ ಕೆಸರು ಎಲ್ಲಿಂದ ತರುವುದು? ನನಗೆ ತಲೆಯೊಳಗೆ ಹುಳ ಬಿಟ್ಟಂತಾಯಿತು. ಖಾಲಿ ಫೈಲ್ ಕೊಟ್ಟು ನೋಡಿದೆ, ಇಟ್ಟುಕೊಂಡಿತು. ಫೈಲಿಗೆ ನಮ್ಮ ಎಮ್ಮೆಯ ಹೆಸರಿಟ್ಟು ಕೊಟ್ಟೆ, ಅದನ್ನೂ ಇಟ್ಟುಕೊಂಡಿತು. ಅದೇ ಎಮ್ಮೆಯನ್ನು ನೂರು ಸಲ ಕೊಟ್ಟೆ, ನೂರು ಸಲವೂ ತಿರುಗಿ ಕೊಟ್ಟಿತು. ನಮ್ಮೂರಿನಲ್ಲಿ ಒಂದು ಕೊಡ ಕೊಟ್ಟರೆ ತಿರುಗಿ ಬರುವುದಿಲ್ಲ!

ಸಂಜೆಗೆ ಕಾಕಾ ಮತ್ತೆ ಬಾಗಿಲಲ್ಲಿ ತಲೆ ಹಾಕಿದರು. "ಬಾಲ ಎತ್ತಿ ನೋಡೂದು ಮರೀಬ್ಯಾಡ್ರಿ ಮತ್ತ. ನಮ್ಮಪ್ಪ ಮರತಿದ್ದ. ಎತ್ತು ಅಂತ ಆಕಳಾ ಹೊಡಕೊಂಡ ಬಂದಿದ್ದ."

ಶಾಬಾಸ್ ಮಗನ

ಪಾಸ್, ಫೇಲ್ ಎಂಬ ಮಾತು ನೋಡಿ ನೋಡಿ ನನಗೆ ಶಾಲೆಯ ವಾಸನೆ ಬರತೊಡಗಿತು. ಟೂಲಿನ ಉತ್ತರ ಪರದೆಗೆ ಬರುವ ದಾರಿಯಲ್ಲಿ ಅಕ್ಕನ ಪ್ರೋಗ್ರಾಮ್ ನೋಡಿ ನಕಲು ಹೊಡೆದ ನಾಲ್ಕು ಸಾಲಿನ ಒಂದು ಸಣ್ಣ ಫೈಲ್ ಕೂರಿಸಿದೆ. ಪಾಸ್ ಎಂದು ಬಂದರೆ "ಶಾಬಾಸ್ ಮಗನ" ಎಂದು ತೋರಿಸಬೇಕು. ಫೇಲ್ ಎಂದು ಬಂದರೆ, ನನಗೆ ಹೆಡ್‌ಮಾಸ್ತರು ಹೇಳಿದ್ದನ್ನೇ ತೋರಿಸಬೇಕು: "ಮುಂದಿನ ವರ್ಷ ಬಾ."

ಒಂದೇ ಒಂದು ಕಡೆ ಮೂರನೇ ಮಾತೊಂದು ಬರುತ್ತಿತ್ತು, ಸ್ಕಿಪ್. ಹಸಿರೂ ಅಲ್ಲ, ಕೆಂಪೂ ಅಲ್ಲ, ಹಳದಿ. ಕೆಂಪಂತೂ ಅಲ್ಲವಲ್ಲ, ಬಡವ ಯಾಕೆ ಒಂಟಿಯಾಗಿರಬೇಕು ಎಂದು ಅದಕ್ಕೂ ಶಾಬಾಸ್ ಕೊಟ್ಟೆ.

ಗುರುವಾರ ಮೂರನೇ ಕಂಪನಿಯ ಕ್ಲೌಡಿಗೆ ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕೂ ಶಾಬಾಸ್ ಬಿತ್ತು. ಅಕ್ಕ ಮೊದಲು ನನ್ನ ಕಿವಿ ಹಿಂಡಿದಳು, ಆಮೇಲೆ ನಕ್ಕಳು, ಆಮೇಲೆ ವಾರದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡಳು. ಕಾಕಾ ಬಂದು ಕನ್ನಡಕ ಏರಿಸಿ ಓದಿದರು.

"ಮಗನ ಅಂತ ಯಾರಿಗನ್ನಾಕತ್ತೈತಿ ಇದು?"

"ಕ್ಲೌಡಿಗ್ರಿ ಕಾಕಾ."

"ಮತ್ತ ನನ್ನ ಕಡೆ ನೋಡಿ ಯಾಕ ಅಂತೈತಿ?"

ಎಲ್ಲರಿಗೂ ಒಂದನೇ ಪಾಳಿ

ಶುಕ್ರವಾರ ಸಭೆಗೆ ಕಾಕಾ ಸೇರಿ ಹದಿನೇಳು ಮಂದಿ ಬಂದಿದ್ದರು, ಹದಿನೇಳು ಫೋನಿನಲ್ಲೂ ಅಕ್ಕ ಪ್ರೋಗ್ರಾಮ್ ತೆರೆದು ಕೊಟ್ಟಳು. ಕಾಕಾ ಎದ್ದು ನಿಂತು, "ಇದ ನೋಡ್ರಿ ಕೆಸರು" ಎಂದು ಮಂದಿಯ ಕಡೆಗೇ ಕೈ ತೋರಿಸಿದರು. "ನಮಗಿಂತ ದೊಡ್ಡ ಕೆಸರು ಎಲ್ಲೈತಿ? ನಾ ಮೂರು ಎಣಿಸ್ತೀನಿ. ಎಲ್ಲಾರೂ ಒಮ್ಮಿಗೇ ಪಾಳಿ ಕೇಳ್ರಿ. ಒಂದು, ಎರಡು, ಮೂರು!"

ಹದಿನೇಳು ಬೆರಳು ಬಿದ್ದವು.

"ನನ್ನದು ಒಂದನೇ ಪಾಳಿ!" ಎಂದು ಒಬ್ಬರು ಕುಣಿದರು. "ಏ, ನಂದಲೇ ಒಂದನೇದು!" ಎಂದು ಬಾಜೂಕಿನವರು. "ನಂದೂ ಒಂದು." "ನಂದೂ." ನೋಡಿದರೆ ಹದಿನೇಳೂ ಮಂದಿಗೆ ಒಂದನೇ ಪಾಳಿ. ನಮ್ಮೂರ ಸಂಘದಲ್ಲಿ ಎಲ್ಲರೂ ಒಂದೇ ಸಲ ಖುಷಿಯಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಖುಷಿ ಒಂದು ನಿಮಿಷ ಇತ್ತು. ಆಮೇಲೆ ಒಬ್ಬರು ಟವೆಲ್ ಝಾಡಿಸಿ ಎದ್ದರು.

"ಮಷೀನು ಹದಿನೇಳು ಹೊಲಕ್ಕ ಒಮ್ಮಿಗೇ ಹೊಕ್ಕತೈತೇನು? ಇದಕ್ಕಿಂತ ಚೀಟಿ ಚೊಲೋ. ತೆಗೀರಿ ಇದನ್ನ."

ಅಕ್ಕ ಕರೀ ಪರದೆಯ ಮೇಲಿನ ಶಾಬಾಸ್‌ಗಳನ್ನು ಒಂದೊಂದಾಗಿ ಮತ್ತೆ ಓದುತ್ತಿದ್ದಳು. ನನಗೆ ಆ ಹಳದಿ ಮಾತು ನೆನಪಾಯಿತು.

"ಅಕ್ಕಾ, ಸ್ಕಿಪ್ ಅಂದ್ರೇನು?"

"ಆ ಪರೀಕ್ಷಾ ಮಾಡಲಿಲ್ಲ, ಬಿಟ್ಟೇನಿ ಅಂತ ಅರ್ಥ. ಯಾಕ?"

"ಅದಕ್ಕೂ ನಾ ಶಾಬಾಸ್ ಹಚ್ಚೀನಿ."

ಅಕ್ಕ ನನ್ನ ಫೈಲ್ ಕಿತ್ತೆಸೆದು ಟೂಲನ್ನು ಮತ್ತೆ ಓಡಿಸಿದಳು. ಹತ್ತೊಂಬತ್ತನೇ ಸಾಲಿನಲ್ಲಿ ಹಳದಿ ಹಲ್ಲು ಕಿರಿಯಿತು. ಇಬ್ಬರು ಒಮ್ಮೆಲೇ ಬರೆದರೆ ಏನಾಗುತ್ತದೆ ಎಂಬ ಪರೀಕ್ಷೆ ಅದು. ಎರಡನೆಯವರ ಹೆಸರು ನಾವು ಕೊಟ್ಟೇ ಇರಲಿಲ್ಲ, ಅದಕ್ಕೇ ಟೂಲ್ ಅದನ್ನು ಬಿಟ್ಟು ಮುಂದೆ ಹೋಗಿತ್ತು. ಹೆಸರು ಕೊಟ್ಟು ಓಡಿಸಿದಳು. ಕೆಂಪು. ಹಳೇ ಕಂಪ್ಯೂಟರಿಗೆ ಮಂದಿ ಒಬ್ಬೊಬ್ಬರೇ ಬಂದು ಬರೆಸುತ್ತಿದ್ದರು. ಕ್ಲೌಡಿನಲ್ಲಿ ಎಲ್ಲರೂ ಒಮ್ಮೆಲೇ ನುಗ್ಗಿದಾಗ, ಒಬ್ಬರ ಹೆಸರು ಬರೆದು ಮುಗಿಸುವುದರೊಳಗೆ ಇನ್ನೊಬ್ಬರಿಗೂ ಪಾಳಿ ಬರೆಯುವ ಪುಸ್ತಕ ಖಾಲಿಯೇ ಕಾಣುತ್ತಿತ್ತು; ಹಂಗಾಗಿ ಎಲ್ಲರಿಗೂ ಒಂದನೇ ಪಾಳಿ.

"ತಪ್ಪು ಅಕ್ಕಂದಲ್ರಿ, ನಂದು" ಅಂದೆ. ಕಪಾಳ ಸಿದ್ಧ ಇಟ್ಟುಕೊಂಡೇ ಅಂದೆ.

ಕಾಕಾ ಹೊಟ್ಟೆ ಹಿಡಿದು ನಗತೊಡಗಿದರು. "ಬಿಟ್ಟ ಪ್ರಶ್ನಿಗೂ ಮಾರ್ಕ್ಸ್ ಕೊಟ್ಟಾನ ಭಾಡ್ಯಾ! ನಿನ್ನ ಗಣಿತದ ಪೇಪರ್ ನಿನ್ನ ಕೈಯಾಗ ಕೊಟ್ಟಿದ್ರ ರ್‍ಯಾಂಕ್ ಬರತಿದ್ದಿಲ್ಲೋ!" ಆಮೇಲೆ ಟವೆಲ್ಲಿನವರ ಕಡೆ ತಿರುಗಿದರು. "ಕೂಡ್ರಪಾ. ಎತ್ತು ಇಲ್ಲೇ ಎಡವಿತು, ಬೇಶಾತು. ನಾಳೆ ಹೊಲದಾಗ ಎಡವಿದ್ರ? ಯವ್ವಾ, ಇದನ್ನ ಸುಧಾರಿಸಾಕ ಬರತೈತೇನು?"

"ಒಂದು ಚಹಾ ಕುಡಿಯೂದ್ರಾಗ ಮಾಡ್ತೀನ್ರಿ" ಅಂದಳು ಅಕ್ಕ.

ಮಂದಿ ಎರಡು ಚಹಾ ಕುಡಿದರು. ಒಬ್ಬರು ಬರೆಯುವ ತನಕ ಪುಸ್ತಕವನ್ನು ಇನ್ನೊಬ್ಬರ ಕೈಗೆ ಕೊಡಬಾರದು ಎಂದು ಅಕ್ಕ ಪ್ರೋಗ್ರಾಮಿಗೆ ಬುದ್ಧಿ ಹೇಳಿದಳು. ನಾನು ಎಂಟರ್ ಹೊಡೆದೆ. ಇಪ್ಪತ್ತನಾಲ್ಕೂ ಹಸಿರು. ಶಾಬಾಸ್ ಇಲ್ಲ, ಬರೀ ಪಾಸ್. ಆ ಮಾತು ಅಷ್ಟು ಚೆಂದ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಕಾಕಾ ಮತ್ತೆ ಮೂರು ಎಣಿಸಿದರು. ಹದಿನೇಳು ಬೆರಳು, ಈ ಸಲ ಹದಿನೇಳು ಬೇರೆ ಬೇರೆ ಪಾಳಿ. ಟವೆಲ್ಲಿನವರಿಗೆ ಎರಡನೇದು ಬಂದಿತ್ತು. ಎಲ್ಲರಿಗಿಂತ ಮೊದಲು ಕೈ ಎತ್ತಿ, "ಇದ ಇರ್ಲಿ, ಚೀಟಿ ಬ್ಯಾಡ" ಅಂದವರು ಅವರೇ. ಉಳಿದವರೂ ಕೈ ಎತ್ತಿದರು. ಅಕ್ಕ ಕಣ್ಣು ಒರೆಸಿಕೊಂಡು ನನ್ನ ಬೆನ್ನಿಗೊಂದು ಗುದ್ದು ಕೊಟ್ಟಳು. ಅದು ಬೈಗುಳವೋ ಬಹುಮಾನವೋ ಕೇಳಲಿಲ್ಲ.

ಕಾಕಾ ಒಬ್ಬರೇ ಕೈ ಎತ್ತಿರಲಿಲ್ಲ. ಫೋನನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ಮೂರು ಎಣಿಸುವುದೂ ಅವರೇ, ಕನ್ನಡಕ ಹುಡುಕುವುದೂ ಅವರೇ. ಪಾಳಿ ಹದಿನೇಳನೆಯದು ಬಂದಿತ್ತು. ಮೆಲ್ಲಗೆ ನನ್ನ ಬಾಜೂಕ ಸರಿದು ಕಿವಿಯಲ್ಲಿ ಅಂದರು:

"ತಮ್ಮಾ, ಮದಲ ಎಲ್ಲಾರಿಗೂ ಒಂದನೇ ಪಾಳಿ ಬಂತಲ್ಲ, ಅದನ ಅಗದಿ ಚೊಲೋ ಇತ್ತು ನೋಡು. ಅದನ್ನ ತಿರುಗಿ ಹಚ್ಚಾಕ ಬರೂದಿಲ್ಲೇನು?"