ಟವೆಲ್ಲಿನೊಳಗೆ ಕೊಂಡ ಲೆನ್ಸು

ಕಣ್ಣಿಗೆ ಕಂಡದ್ದು ನಿಲ್ಲುವುದಿಲ್ಲ ಎಂಬ ಸಂಕಟ ಮನುಷ್ಯನಿಗೆ ಮೊದಲಿನಿಂದಲೂ ಇದೆ. ಗುಹೆಯ ಗೋಡೆಯ ಮೇಲೆ ಕಾಡುಕೋಣವನ್ನು ಬರೆದವನಿಂದ ಹಿಡಿದು ನಮ್ಮ ಕಾಲದವರೆಗೆ ಅವನು ಓಡುವುದನ್ನು, ಹರಿಯುವುದನ್ನು, ಮುಪ್ಪಾಗುವುದನ್ನು ಹಿಡಿದು ನಿಲ್ಲಿಸಲು ಹೆಣಗುತ್ತಲೇ ಬಂದಿದ್ದಾನೆ. ಇಷ್ಟನ್ನು ನಾನು ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ ಇತಿಹಾಸದ ಮೊದಲ ಪಾಠದಲ್ಲಿ ಪ್ರತಿವರ್ಷ ಹೇಳುತ್ತೇನೆ. ಹೇಳದೆ ಬಿಡುವ ಮಾತೊಂದಿದೆ. ಗುಹೆಯವನಿಗೆ ಒಂದು ದೊಡ್ಡ ಅನುಕೂಲವಿತ್ತು: ಅವನ ಕಾಲಕ್ಕೆ ಇದ್ದಿಲಿನ ಅಂಗಡಿ ಇರಲಿಲ್ಲ, ಯಾವ ಇದ್ದಿಲು ಒಳ್ಳೆಯದೆಂದು ಸಲಹೆ ಕೊಡುವವನೂ ಇರಲಿಲ್ಲ. ಕೋಣ ಅಷ್ಟು ಚೆನ್ನಾಗಿ ಬಂದಿರುವುದು ಅದಕ್ಕೇ.

ಗೋಕಾಕದ ನಮ್ಮ ಓಣಿಯಲ್ಲಿ ಒಂದು ವಾಚನಾಲಯವಿದೆ. ಅದಕ್ಕೆ ನಾನು ಕಾರ್ಯದರ್ಶಿ. ಅಂದರೆ ಕೀಲಿಕೈ ನನ್ನ ಹತ್ತಿರ ಇರುತ್ತದೆ. ಅದರ ಎದುರಿನ ಗೋಡೆಯ ಮೇಲೆ ಯಾವುದೋ ಕಾಲದ ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ ಒಂದು ಪರದೇಶದ ಜಲಪಾತ ತೂಗುತ್ತದೆ. ನೀಲಿ ಗುಡ್ಡ, ಹಸಿರು ಮರ, ನಡುವೆ ಹಾಲಿನಂಥ ನೀರು. ಅದು ಯಾವ ದೇಶದ್ದೆಂದು ಯಾರಿಗೂ ಗೊತ್ತಿಲ್ಲ. ಕೆಲವರು ಅಮೇರಿಕಾ ಅನ್ನುತ್ತಾರೆ, ಕೆಲವರು ಸ್ವಿಟ್ಜರ್‌ಲೆಂಡ್ ಅನ್ನುತ್ತಾರೆ, ಕಾಶ್ಮೀರದ ಪಕ್ಷದವರೂ ಇಬ್ಬರಿದ್ದಾರೆ. ಬಸ್ಸು ಹತ್ತಿ ಟಿಕೀಟು ತೆಗೆಸಿ ಕಿಸೆಗೆ ಇಡುವಷ್ಟರಲ್ಲಿ ಬರುವ ನಮ್ಮದೇ ಫಾಲ್ಸ್ ಇರುವಾಗ, ಹತ್ತೂರಿನ ಜನ ಮಳೆಗಾಲದಲ್ಲಿ ಅದನ್ನು ನೋಡಲು ಬಂದು ಮೆಕ್ಕೆತೆನೆ ತಿಂದು ಹೋಗುತ್ತಿರುವಾಗ, ನಾವು ಮಾತ್ರ ಗುರುತು ಪರಿಚಯವಿಲ್ಲದ ನೀರಿನ ಕೆಳಗೆ ಕುಳಿತು ಪೇಪರು ಓದುತ್ತಿದ್ದೆವು.

ಇದು ಮೊದಲು ಚುಚ್ಚಿದ್ದು ಪಾಯಪ್ಪ ಕಾಕಾನಿಗೆ. ಒಂದು ಕಾಲದ ದೊಡ್ಡ ಬಟ್ಟೆ ವ್ಯಾಪಾರಿ. ಈಗ ಅಂಗಡಿಯನ್ನು ಮಕ್ಕಳಿಗೆ ಬಿಟ್ಟು, ಎರಡೂ ಮೊಣಕಾಲುಗಳನ್ನು ವಯಸ್ಸಿಗೆ ಬಿಟ್ಟು, ಮುಂಜಾನೆ ಮರಾಠಿ ಪೇಪರು, ಸಂಜೆ ಕನ್ನಡ ಪೇಪರು ಓದುತ್ತಾರೆ. ಮನೆ ವಾಚನಾಲಯದ ಬಾಜೂಕ್ಕೇ ಇರುವುದರಿಂದ ಅಷ್ಟು ಮಾತ್ರ ನಡೆಯುತ್ತಾರೆ. ಮಳೆ ಹಿಡಿದ ಒಂದು ಸಂಜೆ ಗೋಡೆಯನ್ನು ನೋಡುತ್ತ, “ಅದರ ಜಾಗಾದಾಗ ನಮ್ಮ ಫಾಲ್ಸಿಂದು ಒಂದು ಫೋಟೋ ಇದ್ದಿದ್ರ ಛಲೋ ಇರ್ತಿತ್ತು ನೋಡ್ರಿ. ತುಂಬಿ ಬೀಳೂವಾಗಿಂದು. ಮೊಣಕಾಲು ಹೋದ ಮ್ಯಾಲ ನಾ ಅದನ್ನ ನೋಡೇ ಇಲ್ಲ” ಅಂದರು. ಯಾರನ್ನೂ ಉದ್ದೇಶಿಸಿ ಹೇಳಿದ ಮಾತಲ್ಲ ಅದು. ಆದರೆ ಕೀಲಿಕೈ ಇದ್ದವನಿಗೆ ಎಲ್ಲ ಮಾತೂ ತನಗೇ ಹೇಳಿದಂತೆ ಕೇಳಿಸುತ್ತದೆ. ನಾನು ಎದ್ದು ನಿಂತೆ. ಈ ಮಳೆಗಾಲ ಮುಗಿಯುವುದರೊಳಗೆ ಆ ಪರಕೀಯ ಜಲಪಾತ ಗೋಡೆಯಿಂದ ಇಳಿಯುವುದು, ಘಟಪ್ರಭೆ ಅಲ್ಲಿಗೆ ಏರುವಳು, ಆ ಚಿತ್ರವನ್ನು ಸ್ವತಃ ನಾನೇ ತೆಗೆಯುವೆನು ಎಂದು ಸಾರಿದೆ. ಪೇಪರು ಓದುತ್ತಿದ್ದವರು ಪೇಪರು ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಹೊತ್ತು ಕಡಿಮೆ ಇತ್ತು. ಮೇಲೆ ಹಿಡಕಲ್ ಡ್ಯಾಮಿನ ಗೇಟು ತೆರೆದಿರುವಷ್ಟು ದಿನ ನಮ್ಮ ಫಾಲ್ಸು ಫಾಲ್ಸು. ದಸರೆಯ ಹೊತ್ತಿಗೆ ಅದು ಬರೀ ಬಂಡೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ನಾನು ಹಿಂದೊಮ್ಮೆ ಎರವಲು ಕ್ಯಾಮೆರಾದಿಂದ ಅವಳ ತವರಿನವರೆಲ್ಲರ ಫೋಟೋ ತೆಗೆದಿದ್ದೆ. ಅದರಲ್ಲಿ ಎಲ್ಲರ ಧೋತರ, ಸೀರೆ, ಚಪ್ಪಲಿ ಬಹಳ ಸ್ಪಷ್ಟವಾಗಿ ಬಂದು, ತಲೆ ಮಾತ್ರ ಬಂದಿರಲಿಲ್ಲ. ಅವಳು ಅದನ್ನು ನೆನಪಿಸಿದಳು. ಫಾಲ್ಸಿಗೆ ತಲೆ ಇರುವುದಿಲ್ಲವೆಂದು ನಾನು ಸಮಾಧಾನ ಹೇಳಿದೆ. “ನೀರು ಮ್ಯಾಲಿಂದ ಬೀಳತೈತ್ರಿ. ಅಷ್ಟು ನೆನಪಿಡ್ರಿ” ಅಂದು ಒಳಗೆ ಹೋದಳು.

ನಮ್ಮೂರಿನಲ್ಲಿ ಡಿಜಿಟಲ್ ಕ್ಯಾಮೆರಾ ಆಗ ತಾನೇ ಕಾಲಿಟ್ಟಿತ್ತು. ಕಾಲಿಟ್ಟದ್ದು ಮಿಕ್ಸರು, ಫ್ಯಾನು, ಇಸ್ತ್ರಿಪೆಟ್ಟಿಗೆ ಮಾರುವ ಅಂಗಡಿಯಲ್ಲಿ. ಎಷ್ಟು ಮೆಗಾಪಿಕ್ಸೆಲ್ ಕೊಡಲಿ ಎಂದು ಅಂಗಡಿಯವನು ಸಕ್ಕರೆ ತೂಗುವವನ ಧಾಟಿಯಲ್ಲಿ ಕೇಳಿದ. ಹಾಗೆಂದರೇನೆಂದು ಕೇಳಿದೆ. ಹೆಚ್ಚಿದ್ದಷ್ಟೂ ಛಲೋ ಅಂದ. ಯಾವ ಕಂಪನಿ ಛಲೋ ಎಂದೆ. ಕಪಾಟಿನಲ್ಲಿದ್ದ ಒಂದೇ ಒಂದು ಕ್ಯಾಮೆರಾವನ್ನು ತೋರಿಸಿ, ಲೋಕದಲ್ಲಿ ಇದೊಂದೇ, ಇನ್ನೊಂದು ಕಂಪನಿಯದು ವರ್ಷ ತುಂಬುವುದರೊಳಗೆ ಕೆಡುತ್ತದೆ ಅಂದ. ನಾನು ವಿಚಾರವಂತ, ವಿಚಾರ ಮಾಡಲು ಒಂದು ವಾರ ತೆಗೆದುಕೊಂಡು ಮತ್ತೆ ಹೋದೆ. ಅಷ್ಟರಲ್ಲಿ ಮೊದಲಿನದು ಮಾರಿಹೋಗಿ ಕಪಾಟಿನಲ್ಲಿ ಇನ್ನೊಂದು ಕಂಪನಿಯದು ಕುಳಿತಿತ್ತು. ಲೋಕದಲ್ಲಿ ಇದೊಂದೇ ಎಂದು ಅವನು ಅದನ್ನು ಹೊರತೆಗೆದ. ಒಂದೇ ವಾರದಲ್ಲಿ ಲೋಕ ಇಷ್ಟು ಬದಲಾದದ್ದನ್ನು ಇತಿಹಾಸದ ಮಾಸ್ತರನಾಗಿ ನಾನು ಮೊದಲ ಸಲ ಕಂಡೆ. ಇನ್ನೊಂದು ವಾರ ಕಾದರೆ ಮತ್ತೇನಾದರೂ ಆದೀತೆಂಬ ಹೆದರಿಕೆಯಿಂದ ಅದನ್ನೇ ಕೊಂಡೆ.

ಕ್ಯಾಮೆರಾದ ಸಂಗಡ ಒಂದು ಗಿಡ್ಡ ಲೆನ್ಸು ಬಂದಿತ್ತು. ಅದನ್ನು ಕಂಡು ಅಂಗಡಿಯವನೇ ಮುಖ ಕಿವಿಚಿದ. ಅದು ಬರೀ ಮುಚ್ಚಳವಿದ್ದಂತೆ, ಧೂಳು ಹೋಗದಿರಲೆಂದು ಕೊಟ್ಟಿರುತ್ತಾರೆ, ಖರೆ ಫೋಟೋ ಬರಬೇಕಾದರೆ ಮೊಳದುದ್ದದ ಲೆನ್ಸು ಬೇಕು ಅಂದ. “ಅದನ್ನ ಹಾಕಿದ್ರ ಫಾಲ್ಸಿಗೆ ಹೋಗೂದೂ ಬ್ಯಾಡ್ರಿ ಮಾಸ್ತರ. ನಿಮ್ಮ ಮಾಳಿಗಿ ಮ್ಯಾಲ ನಿಂತು ಹೊಡೀರಿ.” ಅಂಥದ್ದು ಅವನಲ್ಲಿ ಇರಲಿಲ್ಲ. ನಾನು ಗಿಡ್ಡ ಲೆನ್ಸನ್ನು ಮನೆಗೆ ತಂದು ಹೆಂಡತಿಯ ಟ್ರಂಕಿನಲ್ಲಿ, ನುಸಿಗುಳಿಗೆಗಳ ಮಧ್ಯೆ ಇಟ್ಟೆ.

ಮೊಳದುದ್ದದ ಲೆನ್ಸನ್ನು ಹುಡುಕುತ್ತ ಮೂಡಲಗಿಗೆ ಹೋದೆ. ಅಲ್ಲಿಯ ಸ್ಟುಡಿಯೋದ ಮಾಲಕ ನನ್ನ ಕೈಯಲ್ಲಿದ್ದ ಡಿಜಿಟಲ್ ಕ್ಯಾಮೆರಾವನ್ನು ನೋಡಿ, ಸಾವಾದ ಮನೆಯವರನ್ನು ಮಾತನಾಡಿಸುವ ದನಿಯಲ್ಲಿ, ಹಿಂಗ್ಯಾಕ ಮಾಡಿಕೊಂಡ್ರಿ ಎಂದು ಕೇಳಿದ. ಡಿಜಿಟಲ್ ಅನ್ನುವುದು ನಾಲ್ಕು ದಿನದ ಥಳಕು, ಕಡೆಗೂ ಉಳಿಯುವುದು ರೋಲು, ಎಂದು ಎರಡು ಕಪ್ ಚಹಾದಷ್ಟು ಉದ್ದ ಪ್ರವಚನ ಕೊಟ್ಟ. ಕೊನೆಗೆ ತನ್ನ ಹಳೆಯ ರೋಲಿನ ಕ್ಯಾಮೆರಾವನ್ನು ನನಗೆ ಕೊಡುವಷ್ಟು ತ್ಯಾಗಕ್ಕೂ ಸಿದ್ಧನಾದ. ಮುಂದೆ ಅರಭಾವಿಯ ಒಂದು ಮದುವೆಯಲ್ಲಿ ಅವನು ಫೋಟೋ ತೆಗೆಯುತ್ತಿರುವುದನ್ನು ಕಂಡೆ. ಕೊರಳಲ್ಲಿ ಡಿಜಿಟಲ್ ಕ್ಯಾಮೆರಾ ಇತ್ತು, ನನ್ನದಕ್ಕಿಂತ ಹೊಸದು. ಅದಿರಲಿ, ಅವನಿಂದ ಒಂದು ವಿಳಾಸ ಸಿಕ್ಕಿತು: ಹುಕ್ಕೇರಿಯಲ್ಲಿ ಮುಂಬೈಯಿಂದ ಹಳೆಯ ಲೆನ್ಸು ತಂದು ಮನೆಯಲ್ಲೇ ಮಾರುವವನೊಬ್ಬನಿದ್ದಾನೆ.

ಅಲ್ಲಿಗೆ ಒಬ್ಬನೇ ಹೋಗುವ ಧೈರ್ಯ ನನಗಿರಲಿಲ್ಲ. ಹೆಂಡತಿಯ ಅಣ್ಣ ಬಾಳಪ್ಪನನ್ನು ಮಸಗುಪ್ಪಿಯಿಂದ ಕರೆಸಿದೆ. ಬಾಳಪ್ಪ ಎಮ್ಮೆ ಆರಿಸುವುದರಲ್ಲಿ ಎತ್ತಿದ ಕೈ. ಮೂಡಲಗಿಯ ದನದ ಸಂತೆಯಲ್ಲಿ ಅವನು ಎಮ್ಮೆಯ ಸುತ್ತ ಒಂದು ಸುತ್ತು ಹಾಕಿದನೆಂದರೆ ಮಾರುವವನ ಮುಖ ಸಪ್ಪಗಾಗುತ್ತದೆ. ಎಮ್ಮೆಯೇ ಇರಲಿ, ಲೆನ್ಸೇ ಇರಲಿ, ಮಾರುವವನ ಮಾತು ಕೇಳಬಾರದು, ಅವನು ತನ್ನ ಮನೆಯಲ್ಲಿ ಯಾವುದನ್ನು ಕಟ್ಟಿದ್ದಾನೆ ಎಂಬುದನ್ನು ಕೇಳಬೇಕು ಎಂಬುದು ಅವನ ಸಿದ್ಧಾಂತ. ಇಷ್ಟು ದಿನ ಅಂಗಡಿಯವರ ಮಾತು ಕೇಳಿ ಬಳಲಿದ್ದ ನನಗೆ ಇದು ದೊಡ್ಡ ತತ್ವವೆನಿಸಿತು.

ಹುಕ್ಕೇರಿಯಲ್ಲಿ ಬಾಳಪ್ಪ ಚಹಾ ಬರುವ ಮುಂಚೆಯೇ, “ನಿಮ್ಮ ಮನ್ಯಾಗ ಯಾವ ಲೆನ್ಸ್ ಇಟ್ಟೀರಿ?” ಎಂದು ಕೇಳಿಬಿಟ್ಟ.

“ನಮ್ಮ ಮನ್ಯಾಗ ಫೋಟೋ ತಗಸೂದೇ ಇಲ್ರಿ” ಅಂದ ವ್ಯಾಪಾರಿ. “ದೃಷ್ಟಿ ಆಗತೈತಿ.”

ಬಾಳಪ್ಪ ನನ್ನ ಕಡೆಗೆ ತಿರುಗಿ, ಮನುಷ್ಯ ಪ್ರಾಮಾಣಿಕ ಇದ್ದಾನೆ ಎಂಬಂತೆ ತಲೆದೂಗಿದ. ಆಮೇಲೆ ಒಂದು ಲೆನ್ಸನ್ನು ಎತ್ತಿಕೊಂಡು ಭಾರ ನೋಡಿದ. ಮುಂದಿನಿಂದ ಇಣುಕಿದ, ಹಿಂದಿನಿಂದ ಇಣುಕಿದ, ಹಲ್ಲಿದ್ದಿದ್ದರೆ ಎಣಿಸುತ್ತಿದ್ದ. ಅದನ್ನು ನನ್ನ ಕ್ಯಾಮೆರಾಕ್ಕೆ ಹಚ್ಚಿ ನೋಡೋಣವೇ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಹೆಗಲ ಮೇಲಿನ ಟವೆಲ್ಲನ್ನು ತೆಗೆದು ತನ್ನ ಕೈಯ ಮೇಲೆ ಹಾಸಿದ. ವ್ಯಾಪಾರಿಯ ಹಿರಿಯರೂ ದನದ ವ್ಯಾಪಾರದವರೇ ಇದ್ದಿರಬೇಕು. ಅವನ ಕಣ್ಣು ಅರಳಿ, ಕೈ ತಾನಾಗಿ ಟವೆಲ್ಲಿನ ಕೆಳಗೆ ಹೋಯಿತು.

ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಬಟ್ಟೆಯ ಕೆಳಗೆ ಬೆರಳು ಹಿಸುಕಿ ಕೇಳುವುದು, ಬೆರಳು ಹಿಸುಕಿ ಹೇಳುವುದು. ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ಆ ದಿನ ಸುತ್ತ ನಿಂತವನು ನಾನೊಬ್ಬನೇ. ಇಬ್ಬರೂ ಛತ್ತಿನ ಕಡೆ ನೋಡುತ್ತ ಮಳೆ ಬೆಳೆಯ ಮಾತಾಡುತ್ತಿದ್ದರು, ಟವೆಲ್ಲಿನ ಕೆಳಗೆ ಯುದ್ಧ ನಡೆದಿತ್ತು. ನಾನು ಎಮ್ಮೆಯ ಹಾಗೆ ಒಬ್ಬರಾದ ಮೇಲೆ ಒಬ್ಬರ ಮುಖ ನೋಡುತ್ತ ನಿಂತೆ. ವ್ಯವಹಾರ ಮುಗಿದ ಮೇಲೆ ಬಾಳಪ್ಪ, ಎಮ್ಮೆಯ ಸಂಗಡ ಕರು ಬರಬೇಕಲ್ಲ ಎಂದು ಒಂದು ಚರ್ಮದ ಚೀಲವನ್ನೂ ಬಿಡಿಸಿಕೊಂಡ. ತಿರುಗಿ ಬರುವಾಗ ಬಸ್ಸಿನಲ್ಲಿ ಆ ಲೆನ್ಸನ್ನು ಎಳೆಗೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತೆ. ಘೋಡಗೇರಿಯಲ್ಲಿ ಹತ್ತಿದ ಹೆಣ್ಣುಮಗಳೊಬ್ಬಳು ಅದೇನೆಂದು ಕೇಳಿದ್ದಕ್ಕೆ ಬಾಳಪ್ಪ ನನ್ನ ಪರವಾಗಿ, “ಫಾಲ್ಸ್ ನೋಡೂದು” ಎಂದು ಗಂಭೀರವಾಗಿ ಉತ್ತರ ಕೊಟ್ಟ.

ಮನೆಯಲ್ಲಿ ಹಚ್ಚಿ ನೋಡಿದರೆ ಲೆನ್ಸು ಕ್ಯಾಮೆರಾಕ್ಕೆ ಕೂಡಲಿಲ್ಲ. ಒಂದು ಕಂಪನಿಯ ಬಾಯಿ, ಇನ್ನೊಂದು ಕಂಪನಿಯ ಕೊರಳು. ಗೋಕಾಕದ ಅಂಗಡಿಯವನು ದೋಷ ಲೆನ್ಸಿನದು ಅಂದ. ಹುಕ್ಕೇರಿಯವನು ಫೋನಿನಲ್ಲಿ ದೋಷ ಕ್ಯಾಮೆರಾದ್ದು ಅಂದ. ಗಂಡ ಹೆಂಡಿರ ಜಗಳದಲ್ಲಿ ಎರಡೂ ಕಡೆಯ ಬೀಗರ ನಡುವೆ ಸಿಕ್ಕವನ ಸ್ಥಿತಿ ನನ್ನದಾಯಿತು. ಲೆನ್ಸು ತಿರುಗಿ ಕೊಟ್ಟು ಬರೋಣ ಎಂದರೆ ಬಾಳಪ್ಪ ಕೆಂಡವಾದ. “ಟವೆಲ್ಲಿನಾಗ ಮಾತು ಮುಗದಿಂದ ಎಮ್ಮಿ ಒದ್ರೂ ನಮ್ದ, ಹಿಂಡ್ರೂ ನಮ್ದ. ತಿರುಗಿ ಕೊಟ್ರ ನಾ ನಾಳೆ ಸಂತ್ಯಾಗ ಹೆಂಗ ನಿಂದರ್ಲಿ ಮಾಸ್ತರ? ಬೇಕಾದ್ರ ಆ ಕ್ಯಾಮೆರಾ ಬದಲಿ ಮಾಡ್ರಿ.”

ಕೊನೆಗೆ ಹುಕ್ಕೇರಿಯವನೇ ಉಪಾಯ ಹೇಳಿದ. ಎರಡನ್ನೂ ಕೂಡಿಸುವ ಒಂದು ಬಳೆ ಇರುತ್ತದೆ, ಮುಂಬೈಯಿಂದ ಬರಬೇಕು, ಮುಂದಿನ ಐತ್ವಾರ ಬಂದುಬಿಡಿ. ಬರಿಗೈಯಲ್ಲಿ ಹೋಗುವುದು ಸರಿಯಲ್ಲವೆಂದು ಒಂದು ಡಬ್ಬಿ ಕರದಂಟು ಒಯ್ದೆ. ಬಳೆ ಬಂದಿರಲಿಲ್ಲ. ಮುಂದಿನ ಐತ್ವಾರ ಮತ್ತೊಂದು ಡಬ್ಬಿ ಒಯ್ದೆ. ಆಗಲೂ ಬಂದಿರಲಿಲ್ಲ. ಪ್ರತಿ ಐತ್ವಾರ ಕರದಂಟು ಬರುತ್ತಿರುವ ಮನೆಗೆ ಬಳೆ ಯಾಕೆ ಬೇಗ ಬಂದೀತು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಇತ್ತ ಹಿಡಕಲ್ಲಿನ ಗೇಟು ತೆರೆದು ಫಾಲ್ಸು ತುಂಬಿ ಭೋರ್ಗರೆಯುತ್ತಿತ್ತು. ನನ್ನ ವಿದ್ಯಾರ್ಥಿಗಳು ಸಾಲಿ ತಪ್ಪಿಸಿ ಹೋಗಿ, ತೊಯ್ದು ಬಂದು, ನನ್ನೆದುರಿಗೇ ವರ್ಣನೆ ಮಾಡುತ್ತಿದ್ದರು. ಪಾಯಪ್ಪ ಕಾಕಾ ಒಮ್ಮೆ ಗೋಡೆಯನ್ನು, ಒಮ್ಮೆ ನನ್ನನ್ನು ನೋಡಿ ಪೇಪರಿನ ಪುಟ ತಿರುವುತ್ತಿದ್ದರು. ಅದರ ಬದಲು ಬೈದಿದ್ದರೆ ಚೆನ್ನಾಗಿತ್ತು. ಟ್ರಂಕಿನಲ್ಲಿರುವ ಗಿಡ್ಡ ಲೆನ್ಸು ಹಾಕಿ ಒಂದು ಫೋಟೋ ತೆಗೆದುಕೊಂಡು ಬರಬಾರದೇ ಎಂದು ಹೆಂಡತಿ ಕೇಳಿದಳು. ಅದು ಲೆನ್ಸಲ್ಲ, ಮುಚ್ಚಳ ಎಂದು ತಿಳಿಸಿ ಹೇಳಿದೆ. ಅಂಗಡಿಯವರ ಸಲಹೆಯನ್ನು ನಂಬಬಾರದೆಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ ನಾನು, ಆ ಒಂದು ಸಲಹೆಯನ್ನು ಮಾತ್ರ ವೇದವಾಕ್ಯದಂತೆ ಪಾಲಿಸುತ್ತಿದ್ದೆ.

ಬಳೆ ದಸರೆಗೆ ಬಂತು. ಮರುದಿನವೇ ಫಾಲ್ಸಿಗೆ ಹೋದೆ. ಮಳೆ ನಿಂತಿತ್ತು, ಮೇಲೆ ಗೇಟು ಮುಚ್ಚಿತ್ತು. ಬಂಡೆಯ ಒಂದು ಮೂಲೆಯಲ್ಲಿ ನಳ ಸರಿಯಾಗಿ ತಿರುವದೆ ಬಿಟ್ಟಂತೆ ನೀರು ಸೋರುತ್ತಿತ್ತು. ಸೋರುವುದಾದರೂ ಸರಿ, ಫಾಲ್ಸು ಫಾಲ್ಸೇ ಎಂದು ತೂಗುಸೇತುವೆಯ ಮೇಲೆ ನಿಂತು ಕ್ಯಾಮೆರಾದಲ್ಲಿ ಕಣ್ಣಿಟ್ಟೆ. ಕಂಡದ್ದು ಒಂದು ಕಲ್ಲು. ಎಡಕ್ಕೆ ತಿರುಗಿದೆ, ಇನ್ನೊಂದು ಕಲ್ಲು. ಪೂರ್ತಿ ಫಾಲ್ಸು ಹಿಡಿಯಲಿಕ್ಕೆಂದು ಹಿಂದೆ ಸರಿದೆ. ಸೇತುವೆ ಮುಗಿಯಿತು, ದಾರಿ ಬಂತು, ಚಹಾದ ಅಂಗಡಿಯ ಬೆಂಚು ಕಾಲಿಗೆ ತಾಗಿತು. ಮೊಳದುದ್ದದ ಲೆನ್ಸು ಆಗಲೂ ನನಗೆ ತೋರಿಸುತ್ತಿದ್ದದ್ದು ಬಂಡೆಯ ಒಂದು ಬಿರುಕನ್ನು, ಆ ಬಿರುಕಿನಲ್ಲಿ ಕುಳಿತ ಒಂದು ಪಾರಿವಾಳವನ್ನು. ಟ್ರಂಕಿನಲ್ಲಿದ್ದ ಮುಚ್ಚಳವೆಂದರೆ ಏನು, ಲೆನ್ಸೆಂದರೆ ಏನು ಎಂಬ ಜ್ಞಾನ ನನಗೆ ಆ ಬೆಂಚಿನ ಮೇಲೆ ಉಂಟಾಯಿತು. ಪಾರಿವಾಳ ಅಲುಗದೆ ಕುಳಿತಿತ್ತು. ಒತ್ತಿದೆ.

ವಚನ ಕೊಟ್ಟವನು ಬರಿಗೈಯಲ್ಲಿ ಹೋಗಬಾರದೆಂದು ಅದನ್ನೇ ದೊಡ್ಡದು ಮಾಡಿಸಿ ವಾಚನಾಲಯಕ್ಕೆ ಒಯ್ದೆ. ಫೋಟೋ ಕೈಯಿಂದ ಕೈಗೆ ಹೋಯಿತು. ಪಾಯಪ್ಪ ಕಾಕಾ ಚಸ್ಮಾ ಒರೆಸಿಕೊಂಡು ಬಹಳ ಹೊತ್ತು ನೋಡಿದರು.

“ಪಾರಿವಾಳ ಛಲೋ ಬಂದೈತ್ರಿ ಮಾಸ್ತರ.”

ನಾನು ಡ್ಯಾಮು, ಗೇಟು, ಮುಂಬೈ, ಬಳೆ ಎಂದು ಶುರುಮಾಡಿದೆ. ಅವರು ಕೈ ಎತ್ತಿ ನಿಲ್ಲಿಸಿದರು.

“ಇರ್ಲಿ ಬಿಡ್ರಿ. ನಾ ಫಾಲ್ಸ್ ನೋಡಿ ಬಂದ್ನಿ. ನಮ್ಮ ಅಳಿಯ ಟೆಂಪೋದಾಗ ಕುಂಡ್ರಿಸಿಕೊಂಡು ಹೋಗಿದ್ದ. ರಸ್ತಾ ಅಲ್ಲಿತನಾ ಐತಿ, ಇಳಿಯೂದು ಸೈತ ಬೇಕಾಗಲಿಲ್ಲ. ಏನು ನೀರು, ಏನು ಸಪ್ಪಳ! ಟೆಂಪೋದ ಕಿಟಕಿ ಕಾಚೆಲ್ಲಾ ತೊಯ್ದಿತ್ತು.” ಫೋಟೋ ನನ್ನ ಕೈಗೆ ತಿರುಗಿ ಕೊಟ್ಟು, “ನೀವೂ ಬರತೀರೇನು ಅಂತ ಕೇಳಾಕ ನಿಮ್ಮ ಮನೀ ಮುಂದ ಟೆಂಪೋ ನಿಂದ್ರಿಸಿದ್ವಿ. ಲೆನ್ಸಿನ ಸಲುವಾಗಿ ಹುಕ್ಕೇರಿಗೆ ಹೋಗ್ಯಾರ ಅಂದ್ರು ನಿಮ್ಮ ಮನಿಯವ್ರು. ಅವರನ್ನ ಕರಕೊಂಡು ಹೋಗಿದ್ವಿ” ಅಂದರು.

ಹೆಂಡತಿ ನನಗೆ ಇದನ್ನು ಹೇಳಿರಲಿಲ್ಲ. ಮನೆಗೆ ಹೋಗಿ ಕೇಳಿದೆ. ನೀವು ಕೇಳಲಿಲ್ಲ ಅಂದಳು.

ಆ ವರ್ಷ ಫಾಲ್ಸು ತುಂಬಿದ್ದನ್ನು ನಮ್ಮ ಓಣಿಯಲ್ಲಿ ನೋಡದವನು ನಾನೊಬ್ಬನೇ. ಪಾರಿವಾಳದ ಫೋಟೋ ನಮ್ಮ ಮನೆಯಲ್ಲಿ ಅಡುಗೆಮನೆಯ ಬಾಗಿಲ ಮೇಲಿದೆ. ವಾಚನಾಲಯದ ಗೋಡೆಯ ಮೇಲೆ ಆ ಪರದೇಶದ ಜಲಪಾತವೇ ಇದೆ. ಅದರಲ್ಲಿ ಬೇಸಿಗೆಯಲ್ಲೂ ನೀರು ಬೀಳುತ್ತದೆ.