ಎಣ್ಣಿ ಹೊಡೆಯದ ಅಕ್ಕಿಯ ಫಜೀತಿ

ಅಕ್ಕಿ ವ್ಯಾಪಾರದಲ್ಲೇ ತಲೆ ಬೆಳ್ಳಗಾಯಿತು. ಆದರೂ ಗಿರಾಕಿ ಕೇಳುವುದು ಒಂದು, ರೈತ ತಿಳಿಯುವುದು ಇನ್ನೊಂದು. ನಡುವೆ ನಾನು ಹೇಳಿದ್ದು ಏನೆಂದು ನನಗೇ ಮರೆಯುವ ಹಾಗೆ ಆಗುತ್ತಲೇ ಇರುತ್ತದೆ.

ಶಿವಬಸವ ನಗರದ ನಿವೃತ್ತ ಮಾಸ್ತರರೊಬ್ಬರು ನಮ್ಮ ಬೆಳಗಾವಿ ಅಂಗಡಿಯ ಖಾಯಂ ಗಿರಾಕಿ. ಅವರು ಎಲ್ಲಿ ಅಕ್ಕಿ ಕೊಳ್ಳುತ್ತಾರೋ ಅವರ ಓಣಿಯೂ ಅಲ್ಲೇ ಕೊಳ್ಳುತ್ತದೆ. ಒಂದು ದಿನ ಬಂದು, "ಇನ್ನ ಮುಂದ ಎಣ್ಣಿ ಹೊಡೀಲಾರದ ಅಕ್ಕಿ ಕೊಡ್ರಿ. ಇಲ್ಲಾಂದ್ರ ಬ್ಯಾರೆ ಅಂಗಡಿ ನೋಡ್ತೀವಿ" ಅಂದರು. ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣಿ ಅನ್ನುತ್ತಾರೆ. ಇಡೀ ಓಣಿ ಕೈಬಿಟ್ಟರೆ ಹೇಗೆ? ನಂದಗಡದ ಹತ್ತಿರ ಪರಿಚಯದ ರೈತನೊಬ್ಬನನ್ನು ಒಪ್ಪಿಸಿದೆ: ಎಣ್ಣಿ ಬಿಡಬೇಕು, ಹುಳವನ್ನು ಬೇರೆ ಉಪಾಯದಿಂದ ತೆಗೆಯಬೇಕು, ಭತ್ತ ನನಗೇ ಕೊಡಬೇಕು.

ಹುಳ ಯಾರವು?

ಗದ್ದೆಯಲ್ಲಿ ನೀರು ನಿಲ್ಲಿಸಿ, ಇಬ್ಬರು ಆಚೀಚೆ ನಿಂತು ಪೈರಿನ ಮೇಲೆ ಹಗ್ಗ ಎಳೆದರೆ ಎಲೆ ತಿನ್ನುವ ಹುಳ ನೀರಿಗೆ ಉದುರುತ್ತವೆ. ಆಮೇಲೆ ನೀರು ಬಿಟ್ಟರಾಯಿತು. ರೈತ ಹಾಗೇ ಮಾಡಿದ. ಮರುದಿನ ಅವನ ತಮ್ಮನ ಫೋನು: "ಸಾವ್ಕಾರ್ರ, ಅಣ್ಣನ ಹುಳ ಎಲ್ಲಾ ನನ್ನ ಗದ್ದ್ಯಾಗ ಅದಾವ!"

ತಮ್ಮನ ಗದ್ದೆ ಕೆಳಗಿದೆ. ನೀರು ಇಳಿಯುವುದು ಅಲ್ಲಿಗೇ. ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಬದುವಿನ ಮೇಲೆ ಜಗಳ ನಡೆದಿತ್ತು.

"ನಿನ್ನ ಹುಳ ನೀನ ಒಯ್ಯಿ."

"ಪಾಲು ಮಾಡುವಾಗ ಕೆಳಗಿನ ಗದ್ದಿನ ಬೇಕಂತ ಹಟಾ ಹಿಡದಾಂವ ಯಾರೋ?"

ನೀರು ಬಿಡುವ ಬಾಯಿಗೆ ಹಳೆಯ ಸೊಳ್ಳೆಪರದೆ ಕಟ್ಟಿ ಹುಳ ಹಿಡಿಯಿರಿ ಎಂದು ತೀರ್ಮಾನ ಕೊಟ್ಟೆ. ಅಣ್ಣ ಒಪ್ಪಿದ, ತಮ್ಮ ಒಪ್ಪಲಿಲ್ಲ. "ಹಿಡದಿದ್ರಾಗ ನನಗೂ ಅರ್ಧ ಕೊಡಸ್ರಿ. ನಮ್ಮ ಮನ್ಯಾಗೂ ಕೋಳಿ ಅದಾವ."

ಅಂಗಿ ತೊಟ್ಟ ಕೋಲು

ಹುಳ ತಿನ್ನುವ ಹಕ್ಕಿ ಬಂದು ಕೂರಲೆಂದು ಗದ್ದೆಯಲ್ಲಿ ಅಡ್ಡಪಟ್ಟಿ ಹೊಡೆದ ಕೋಲು ನೆಟ್ಟೆವು. ವಾರ ಬಿಟ್ಟು ಹೋದರೆ ಒಂದು ಹಕ್ಕಿಯೂ ಇಲ್ಲ. ಪ್ರತಿ ಕೋಲಿಗೂ ಅಂಗಿ! ಕೈ ಚಾಚಿದ ಜನ ಗದ್ದೆ ತುಂಬ ನಿಂತಂತಿತ್ತು.

ರೈತನ ತಾಯಿ ಹೆಮ್ಮೆಯಿಂದ ಹೇಳಿದಳು: "ಬೆದರುಗೊಂಬಿ ಅರ್ಧಕ್ಕ ಬಿಟ್ಟು ಹೋಗಿದ್ರಿ. ನಾನ ಪೂರಾ ಮಾಡೇನ್ರಿ."

"ಆಯಿ, ಅವು ಹಕ್ಕಿ ಕರಿಯಾಕ ನೆಟ್ಟಿದ್ದು!"

"ಭತ್ತಕ್ಕ ಹಕ್ಕಿ ಕರೀತೀರಿ? ಖರೇ ಹೇಳ್ರಿ, ಈ ಭತ್ತ ನಿಮಗ ಬೇಕೋ ಬ್ಯಾಡೋ?"

"ಈಗ ಬಂದು ಹುಳ ತಿನ್ಲಿ. ಕಾಳು ಕಟ್ಟೂ ಮುಂದ ಕೋಲು ಕೀಳೂಣು, ಅವು ಬರೂದಿಲ್ಲ."

ಮುದುಕಿ ಅಂಗಿ ಬಿಚ್ಚುತ್ತ ಕೇಳಿದಳು: "ಅದನ್ನ ಹಕ್ಕಿಗೆ ಯಾರು ಹೇಳವ್ರು?"

ಮಾಸ್ತರರ ತೀರ್ಪು

ಹೇಗೋ ಭತ್ತ ಬಂತು, ಅಕ್ಕಿಯಾಯಿತು. ಮೊದಲ ಚೀಲ ಮಾಸ್ತರರ ಮನೆಗೆ ಹೋಗಿ ಅಷ್ಟೇ ಬೇಗ ವಾಪಸ್ ಬಂತು, ಹಿಂದೆಯೇ ಮಾಸ್ತರರ ಫೋನು: "ಎಣ್ಣಿ ಬ್ಯಾಡ ಅಂದ್ರ ಹುಳ ಹಾಕ್ರಿ ಅಂದಿದ್ವೇನು?"

ಉಳಿದ ಅಕ್ಕಿಯನ್ನು ಬಿಸಿಲಿಗೆ ಹಾಕಿ, ಗಾಳಿಯಾಡದ ಚೀಲದಲ್ಲಿ ತುಂಬಿ ಬಿಗಿದೆ. ಉಸಿರಿಲ್ಲದೆ ಹುಳ ಬದುಕುವುದಿಲ್ಲ. ಈ ಸಲ ಕೊಟ್ಟ ಅಕ್ಕಿ ಮುತ್ತಿನಂತಿತ್ತು. ಮಾಸ್ತರರು ಓಣಿಯ ಇಬ್ಬರನ್ನು ಕರೆದುಕೊಂಡು ಅಂಗಡಿಗೇ ಬಂದರು.

"ಒಂದೂ ಹುಳ ಇಲ್ಲ."

"ಹೌದ್ರಿ ಮಾಸ್ತರ್ರ!" ನಾನು ಉಬ್ಬಿದೆ.

"ಅಂದ್ರ ಎಣ್ಣಿ ಹೊಡದೀರಿ."

ಚೀಲ ತೋರಿಸಿದೆ, ಹಗ್ಗದ ಕಥೆ ಹೇಳಿದೆ, ರೈತನಿಗೆ ಫೋನು ಹಚ್ಚಿ ಕೊಟ್ಟೆ. ಮೂವರೂ ನಂಬದೆ ತಲೆ ಅಲ್ಲಾಡಿಸಿದರು. ನನಗೆ ದಿಕ್ಕೇ ತಿಳಿಯಲಿಲ್ಲ. "ಮಾಸ್ತರ್ರ, ನೀವ ಹೇಳ್ರಿ. ಹುಳ ಇರಬೇಕೋ, ಇರಬಾರದೋ?"

ಮೂವರೂ ಪಕ್ಕಕ್ಕೆ ಹೋಗಿ ಮಾತಾಡಿ ಬಂದರು. ಮಾಸ್ತರರು ಗಂಟಲು ಸರಿಮಾಡಿಕೊಂಡು ಹೇಳಿದರು:

"ನಂಬಿಕಿ ಸಲುವಾಗಿ ಚೀಲಕ್ಕ ಒಂದೆರಡು ಇರಲಿ. ಆದ್ರ ಮನಿಗೆ ಕಳಸೂ ಮುಂದ ಆರಿಸಿ ತಗದು ಕಳಸ್ರಿ."